ಹುಲಿಗೆಮ್ಮ ಡೆವನ್‌ನ ಗೋಡೆಗೆ ಕಿವಿಗೊಟ್ಟದ್ದು

ಕಳೆದ ಮಂಗಳವಾರ ಮಧ್ಯಾಹ್ನ ರಾಯಚೂರಿನ ನಮ್ಮ ಬಚ್ಚಲುಮನೆಯ ಹೊಸ್ತಿಲಲ್ಲಿ ಕೂತು ನಾನು ಇಂಗ್ಲೆಂಡಿನಲ್ಲೊಂದು ಮನೆ ನೋಡಿದೆ. ಹೊಚ್ಚ ಹೊಸ ಮನೆ. ಅಲ್ಲಿ ಇನ್ನೂ ಯಾರೂ ಒಂದು ಕಪ್ ಚಹಾ ಕೂಡ ಕಾಸಿರಲಿಲ್ಲ.

ಕೊಳ್ಳುತ್ತಿರುವವನು ನಾನಲ್ಲ, ಗಾಬರಿಯಾಗಬೇಡಿ. (ಅಂಕಣ ಬರೆದು ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಹಾಗಿದ್ದರೆ ರಾಯಚೂರಿನಲ್ಲಿ ಒಬ್ಬ ಲೇಖಕನೂ ಉಳಿಯುತ್ತಿರಲಿಲ್ಲ.) ಕೊಳ್ಳುತ್ತಿದ್ದವಳು ರೇಣುಕಾ. ಡೆವನ್ ಎಂಬ ಸಮುದ್ರದಂಡೆಯ ಜಿಲ್ಲೆಯಲ್ಲಿ ನರ್ಸ್. ಆಕೆಯ ತಾಯಿ ಹುಲಿಗೆಮ್ಮ ಆ ಹೊತ್ತಿಗೆ ನಮ್ಮ ಬಚ್ಚಲಿನ ಒಡೆದ ಟೈಲ್ಸ್ ಕೀಳುತ್ತಿದ್ದಳು.

ಹುಲಿಗೆಮ್ಮನ ತವರು ದೇವದುರ್ಗ. ಮದುವೆಯಾಗಿ ಮಾನ್ವಿಗೆ ಹೋದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ರಾಯಚೂರಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತಳು. ನಮ್ಮ ಓಣಿಯ ಅರ್ಧ ಮನೆಗಳಿಗೆ ಆಕೆ ಕೈ ಹಚ್ಚಿದ್ದಾಳೆ.

"ಸರ, ಮಗಳ ವಿಡಿಯೋ ಕಾಲ್ ಬರ್ತದ. ನಿಮ್ಮ ವೈಫೈ ಸ್ವಲ್ಪ ಕೊಡ್ರಿ," ಅಂದಳು. ಕೊಟ್ಟೆ. ಕೊಟ್ಟ ಮೇಲೆ ಪಕ್ಕದಲ್ಲಿ ಕೂರುವ ಹಕ್ಕು ತಾನಾಗಿ ಬಂತು.

ವಿಷಯ ಇಷ್ಟು. ಅಲ್ಲಿ ಕಂಪನಿಯವರು ಕಟ್ಟಿ ಮಾರುವ ಹೊಸ ಮನೆ ಕೊಂಡರೆ, ಕೀಲಿ ಕೊಡುವ ಮುಂಚೆ ಒಂದು ದಿನ ಕರೆಯುತ್ತಾರಂತೆ. ನೀವು ಮನೆಯೆಲ್ಲ ಓಡಾಡಿ, ಬಾಗಿಲು ತೆಗೆದು ಹಾಕಿ, ನಲ್ಲಿ ತಿರುವಿ, ಕಂಡ ಹುಳುಕನ್ನೆಲ್ಲ ಬರೆದು ಸಹಿ ಮಾಡಬೇಕು. ಅದಕ್ಕೆ ಸ್ನ್ಯಾಗ್ ಲಿಸ್ಟ್ ಅಂತ ಹೆಸರು. ಬರೆದದ್ದನ್ನು ಸರಿಮಾಡಿ ಕೀಲಿ ಕೊಡುತ್ತಾರೆ. ಬಿಟ್ಟುಹೋದದ್ದಕ್ಕೆ ಆಮೇಲೆ ನೀವು ಅವರ ಹಿಂದೆ ಅಲೆಯಬೇಕು. ತಾವೇ ಕಟ್ಟಿದ ಮನೆಯ ತಪ್ಪನ್ನು ಕೇಳಿ ಬರೆಸಿಕೊಳ್ಳುವ ಬಿಲ್ಡರ್! ನಮ್ಮಲ್ಲಿ ಗೋಡೆ ಸೊಟ್ಟಗಿದೆ ಅಂದರೆ "ಅದು ಡಿಸೈನ್ ಸರ್" ಅನ್ನುತ್ತಾರೆ.

ಹುಳುಕು ಹುಡುಕಲೆಂದೇ ಅಲ್ಲಿ ತಜ್ಞರು ಸಿಗುತ್ತಾರೆ. ದುಬಾರಿ. ರೇಣುಕಾ ತಾಯಿಗೆ ಫೋನ್ ಮಾಡಿದಳು. ವರ್ಷಗಟ್ಟಲೆ ದುಡಿದು ಕೂಡಿಟ್ಟದ್ದೆಲ್ಲ ಆ ಮನೆಗೆ ಹೋಗುವುದಿತ್ತು. ಇನ್ನೊಂದು ತಾಸಿನಲ್ಲಿ ಸಹಿ.

"ಗ್ವಾಡಿ ಬಡಿಯವ್ವಾ," ಅಂದಳು ಹುಲಿಗೆಮ್ಮ.

ರೇಣುಕಾ ಬೆರಳ ಗೆಣ್ಣಿನಿಂದ ಬಡಿದಳು. ಟೊಕ್ ಟೊಕ್. ತಾಯಿಯ ಮುಖ ಸಪ್ಪಗಾಯಿತು. ಇನ್ನೊಂದು ಗೋಡೆ. ಟೊಕ್ ಟೊಕ್.

"ಬ್ಯಾಡ ಬೇ ಈ ಮನಿ! ಪೂರಾ ಟೊಳ್ಳು ಅದ. ಒಳಗ ಒಂದು ಇಟ್ಟಂಗಿ ಇಲ್ಲ. ನಿನಗ ಮೋಸ ಮಾಡಾಕತ್ತಾರ. ಸಹಿ ಹಾಕಬ್ಯಾಡ!"

"ಹೌದಮ್ಮ, ಹಾಕಬೇಡ," ಅಂತ ನಾನೂ ದನಿಗೂಡಿಸಿದೆ. (ನನಗೇನೂ ತಿಳಿದಿರಲಿಲ್ಲ. ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ ಅಂತ ನಿಮಗೆ ಗೊತ್ತೇ ಇದೆ.)

ರೇಣುಕಾ ನಕ್ಕಳು. "ಇಲ್ಲಬೇ ಯವ್ವಾ, ಇಲ್ಲಿ ಒಳಗಿನ ಗ್ವಾಡಿ ಹಿಂಗ ಇರ್ತಾವು. ಕಟಗಿ ಚೌಕಟ್ಟು, ಅದರ ಮ್ಯಾಲ ಬೋರ್ಡ್. ಎಲ್ಲಾ ಹೊಸ ಮನಿನೂ ಹಿಂಗ."

ಹುಲಿಗೆಮ್ಮನ ಜಾಗದಲ್ಲಿ ನಾನಿದ್ದರೆ ಮಾನ ಉಳಿಸಿಕೊಳ್ಳಲು ವಾದಕ್ಕೆ ಇಳಿಯುತ್ತಿದ್ದೆ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, "ಹಂಗಾರ ಮೊದಲಿಂದ ಬಡಿ. ಗೇಣಿಗೊಮ್ಮಿ. ಫೋನ್ ಗ್ವಾಡಿಗಿ ಹಚ್ಚು," ಅಂದಳು.

ಕಣ್ಣು ಮುಚ್ಚಿ ಕೂತಳು. "ಇದು ಖಾಲಿ... ಖಾಲಿ... ಇದು ಕಟಗಿ... ಖಾಲಿ." ಎರಡು ಗೋಡೆ ಮುಗಿಯುವಷ್ಟರಲ್ಲಿ ಮುಂದಿನ ಕಟ್ಟಿಗೆ ಎಲ್ಲಿ ನಿಂತಿದೆ ಅಂತ ಮಗಳು ಬಡಿಯುವ ಮೊದಲೇ ಹೇಳತೊಡಗಿದಳು. ನೆನಪಿರಲಿ, ಇಂಥ ಗೋಡೆಯನ್ನು ಆಕೆ ಜನ್ಮದಲ್ಲಿ ಮುಟ್ಟಿದವಳಲ್ಲ. ಹತ್ತು ನಿಮಿಷದ ಹಿಂದೆ ಅದನ್ನೇ ಮೋಸ ಅಂದಿದ್ದಳು.

ಮೂರನೆಯ ಗೋಡೆ. ಅದರ ಮೇಲಿನ ಅಂತಸ್ತಿನಲ್ಲಿ ಬಾತ್‌ರೂಮ್.

"ತಡಿ! ಮತ್ತೊಮ್ಮಿ ಬಡಿ. ಇನ್ನಾ ಕೆಳಗ."

ಟಪ್.

"ಇಲ್ಲಿ ಸದ್ದು ಸತ್ತದ. ಕಟಗಿನೂ ಅಲ್ಲ, ಖಾಲಿನೂ ಅಲ್ಲ. ಒಳಗ ಹಸಿ ಅದ ರೇಣು. ಹಿಂದ ನೀರಿನ ಪೈಪ್ ಅದ ಏನು ಕೇಳು."

ಹಳದಿ ಜಾಕೆಟ್ ತೊಟ್ಟ ಕಂಪನಿಯ ಮ್ಯಾನೇಜರ್ ಪಕ್ಕದಲ್ಲೇ ಇದ್ದ. ಪೈಪ್ ಇದೆ, ಆದರೆ ಗೋಡೆ ಒಣಗಿಯೇ ಇದೆಯಲ್ಲ ಅಂತ ಅಂಗೈಯಿಂದ ಸವರಿ ತೋರಿಸಿದ. ನಗುತ್ತಿದ್ದ. ಬಿಳಿ ಪೇಂಟಿನ ಮೇಲೆ ಒಂದು ಕಲೆಯೂ ಇರಲಿಲ್ಲ. ರೇಣುಕಾ ಜಗ್ಗಲಿಲ್ಲ. ಆತ ಕೊನೆಗೆ ಎರಡು ಮೊಳೆ ಚಾಚಿದ, ತೇವ ಅಳೆಯುವ ಒಂದು ಚಿಕ್ಕ ಮೀಟರ್ ತಂದು ಗೋಡೆಗೆ ಒತ್ತಿದ. ಅದು ಕಿರುಚಿತು. ಇನ್ನಷ್ಟು ಕೆಳಗೆ ಒತ್ತಿದ. ಇನ್ನಷ್ಟು ಕಿರುಚಿತು. ಅಂಗೈಯಗಲ ಬೋರ್ಡ್ ಕೊಯ್ದು ನೋಡಿದರೆ, ಒಳಗೆ ಪೈಪಿನ ಜಾಯಿಂಟಿನಿಂದ ಹನಿ ಹನಿ ನೀರು.

ನಾನು ಎದ್ದು ನಿಂತುಬಿಟ್ಟೆ. ಪೇಂಟ್ ಬಳಿದ ಗೋಡೆಯ ಒಳಗಿನ ತೇವ! ಅದೂ ಅಷ್ಟು ಸಮುದ್ರ ದಾಟಿ, ಗ್ಲಾಸು ಒಡೆದ ಫೋನಿನೊಳಗೆ! ಡಾಕ್ಟರು ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗಲೂ ನಾನು ಅಷ್ಟು ಭಯಭಕ್ತಿಯಿಂದ ಉಸಿರು ಬಿಗಿ ಹಿಡಿದದ್ದಿಲ್ಲ. ಆ ಟಪ್ ನನಗೂ ಕೇಳಿಸಿತ್ತು. ನನಗೆ ಅದು ಬರೀ ಟಪ್.

"ಇದನ್ನೆಲ್ಲ ಎಲ್ಲಿ ಕಲಿತೆ ಹುಲಿಗೆಮ್ಮ?"

"ಕಲಿಯೋದೇನದ್ರಿ ಸರ. ಟೈಲ್ಸ್ ಕೂಡಿಸಿದ ಮ್ಯಾಲ ಒಂದೊಂದೇ ಬಡಿದು, ಟೊಳ್ಳು ಇದ್ದದ್ದು ನಾ ತೋರಿಸ್ತೀನಿ. ಗೌಂಡಿ ಅದನ್ನ ಕಿತ್ತು ಮತ್ತ ಕೂಡಸ್ತಾನ."

ಅಲ್ಲಿ ಮ್ಯಾನೇಜರ್ ಲಿಸ್ಟಿನಲ್ಲಿ ಸೋರಿಕೆಯನ್ನು ಎಲ್ಲಕ್ಕಿಂತ ಮೇಲೆ ಬರೆದ. ಸರಿಯಾಗುವ ತನಕ ಕೀಲಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಕೊನೆಯಲ್ಲಿ ಪರೀಕ್ಷೆ ಮಾಡಿದವರ ಹೆಸರು, ಉದ್ಯೋಗ ಬರೆಯುವ ಜಾಗವಿತ್ತು. ತಾಯಿಯ ಹೆಸರನ್ನು ರೇಣುಕಾ ದೊಡ್ಡ ಅಕ್ಷರದಲ್ಲಿ ಬರೆದಳು.

"ಯವ್ವಾ, ನಿನ್ನ ಕೆಲಸ ಏನಂತ ಬರೀಲಿ?"

"ಕೂಲಿ ಅಂತ ಬರಿ."

"ಕೂಲಿ ಅಂದ್ರ ಈ ಮನಷ್ಯಾ ನಂಬಂಗಿಲ್ಲ. ಗೌಂಡಿ ಅಂತ ಬರೀತೀನಿ."

ನಮ್ಮ ಕಡೆ ಕಟ್ಟಡದ ಮೇಲೆ ಗಂಡಸು ಗೌಂಡಿ, ಅಂದರೆ ಗಾರೆ ಮೇಸ್ತ್ರಿ; ಹೆಂಗಸು ಬರೀ ಹೆಣ್ಣಾಳು. ಎಷ್ಟೇ ವರ್ಷ ದುಡಿದರೂ ಅಷ್ಟೇ. ನನ್ನ ಮನೆ ಕಟ್ಟಿಸುವಾಗ ನಾನೂ ಆಕೆಯನ್ನು ಹಾಗೇ ಕರೆದೆ, ಮೊನ್ನೆ ಬಚ್ಚಲಿನ ಕೆಲಸಕ್ಕೆ ಹೇಳಿ ಕಳಿಸುವಾಗಲೂ ಹಾಗೇ ಕರೆದೆ.

ಹುಲಿಗೆಮ್ಮ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ಹುಚ್ಚಿ ಅದ ನೋಡ್ರಿ ಇದು. ಹೆಣ್ಮಕ್ಕಳು ಎಲ್ಯಾರ ಗೌಂಡಿ ಆಗ್ತಾರೇನ್ರಿ ಸರ?" ಅಂತ ನನ್ನ ಕಡೆ ತಿರುಗಿದಳು.

"ಆಗ್ತಾರೆ" ಅನ್ನುವುದಕ್ಕೆ ನನಗೆ ಯಾಕೆ ಅಷ್ಟು ಹೊತ್ತು ಬೇಕಾಯಿತು?