ನಾಲ್ಕನೆಯ ಸಲ ಬಿಚ್ಚಿದ ತೋಳು

ಖಜೂರಿಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಮನೆ ಆಚೆಗೆ ಶಾಂಭವಿಯ ಮನೆ. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರ ಹೆಂಗಸರ ಕುಪ್ಪಸ ಹೊಲಿಯುತ್ತ ಬಂದವಳು. ರಾಜ್ಯದ ಗಡಿಯಾಚೆಯಿಂದಲೂ ಅವಳಲ್ಲಿಗೆ ಬಟ್ಟೆ ಬರುತ್ತಿತ್ತು. ಹೊಲಿಗೆ ನೂಲಿನಷ್ಟು ಸೊಟ್ಟಗಾದರೂ ಬಿಚ್ಚುವಳು. ಗಿರಾಕಿಯೇ ‘ಇರ್ಲಿ ಬಿಡ್ರಿ’ ಎಂದರೂ ಬಿಚ್ಚುವಳು. ಮಧ್ಯಾಹ್ನದ ಊಟ ಮಷಿನಿನ ಪಕ್ಕದಲ್ಲಿ ಆರಿ ತಣ್ಣಗಾಗುತ್ತಿತ್ತು.

ಈ ವರ್ಷ ಯುಗಾದಿಯ ಹೊತ್ತಿಗೆ ಬಲಭುಜ ಬಿಗಿದುಕೊಂಡಿತು. ತಲೆ ಬಾಚಲು ಕೈ ಏರದು. ಹದಿನೈದು ದಿನ ಮಷಿನ್ ಮುಟ್ಟಬೇಡಿ ಎಂದು ಆಳಂದದ ಡಾಕ್ಟರು ಹೇಳಿದರು. “ಹೌದ್ರಿ” ಎಂದು ತಲೆಯಾಡಿಸಿ ಬಂದವಳು ಅದೇ ಸಂಜೆ ಕತ್ತರಿ ಹಿಡಿದಳು. ಅದೇ ಊರಿನ ಹಣಮಂತರಾಯರ ಮಗಳು ಸೀಮಾಳ ಮದುವೆ ಹತ್ತಿರವಿತ್ತು. ಐದು ಕುಪ್ಪಸ ಹೊಲಿಯಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಕೊನೆಯ ಹಸಿರು ಕುಪ್ಪಸದ ಬಲತೋಳನ್ನು ನಾಲ್ಕನೆಯ ಸಲ ಬಿಚ್ಚಿದಳು. ಮತ್ತೆ ಜೋಡಿಸಲು ಹೋದಾಗ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗುವುದೂ ಬೇಡವೆನಿಸಿ ಸುಮ್ಮನೆ ಕುಳಿತುಬಿಟ್ಟಳು.

ಹುಕ್ಕು ಹಚ್ಚಿಕೊಡಲು ದಿನವೂ ಬರುವ ಪಕ್ಕದ ಮನೆಯ ಸರ್ವರಬೇಗಂ ಒಳಗೆ ಬಂದು ನೋಡಿದಳು.

“ಏನಾಯ್ತ ಬೇ?”

“ಕೈ ಬರವಲ್ದು ಆಪಾ. ಸೀಮಾ ಮಧ್ಯಾಹ್ನಕ್ಕ ಬರ್ತಾಳ.”

“ಏಳು. ನಾ ಹೊಲಿತೇನಿ.”

“ನಿಮಗ ತೋಳು ಕೂಡ್ಸಾಕ ಬರಲ್ರಿ.”

“ಬಂದಷ್ಟು ಹೊಲಿತೇನಿ,” ಎಂದು ಸರ್ವರಬೇಗಂ ಅವಳನ್ನು ಎಬ್ಬಿಸಿ ತಾನು ಮಷಿನಿಗೆ ಕೂತಳು.

ಗೋಡೆಗೆ ಒರಗಿ ಶಾಂಭವಿ ನೋಡುತ್ತಿದ್ದಳು. ಭುಜದ ಹತ್ತಿರ ಬಟ್ಟೆ ಸಣ್ಣಗೆ ನಿರಿಗೆ ಕಟ್ಟಿತು.

“ಬಿಚ್ರಿ ಆಪಾ. ಮುದುರ್ಯಾದ.”

“ಬಿಚ್ಚಲ್ಲ. ನಿನ್ನ ಭುಜದ ಕಡೆ ಒಮ್ಮೆರೆ ಹಿಂಗ ನೋಡೀಯೇನು? ಅರಿಬಿಗೆ ಇರೋ ಕಾಳಜಿ ನಿನ್ನ ಮೈಗಿಲ್ಲ.”

ಜಗಳವಾಡಲು ಶಾಂಭವಿಗೆ ತ್ರಾಣವಿರಲಿಲ್ಲ. ಮಧ್ಯಾಹ್ನ ಸೀಮಾ ಬಂದಳು. ಒಳಗೆ ಹೋಗಿ ಒಂದೊಂದನ್ನೇ ತೊಟ್ಟು ನೋಡಿದಳು. ಹಸಿರು ಕುಪ್ಪಸ ತೊಟ್ಟು ಹೊರಗೆ ಬಂದು ಎರಡೂ ಕೈ ಮೇಲೆತ್ತಿದಳು.

“ಇದು ಭಾಳ ಆರಾಮ ಅದ್ರಿ ಅಕ್ಕ. ಉಳಿದವು ಚೊಲೋ ಅವ, ಖರೇ ಕೈ ಎತ್ತಿದ್ರ ಹಿಡೀತಾವ.”

ಶಾಂಭವಿಯ ಕಣ್ಣು ಆ ನಿರಿಗೆಯ ಮೇಲೇ ಇತ್ತು. ಸೀಮಾಳಿಗೆ ಅದು ಕಾಣಲೇ ಇಲ್ಲ. ಹುಡುಗಿ ನಗುತ್ತ ಹೋದ ಮೇಲೆ ಶಾಂಭವಿಗೆ ಸಮಾಧಾನವಾಗಲಿಲ್ಲ, ಅಳು ಬಂತು. ಯಾರೂ ಕೇಳದ ಅಚ್ಚುಕಟ್ಟಿಗಾಗಿ ಇಷ್ಟು ವರ್ಷ ಮೈ ಸವೆಸಿದೆನಲ್ಲ ಎನ್ನಿಸಿತು. ಸರ್ವರಬೇಗಂ ಅವಳ ಹಿಂದೆ ಕೂತು ತಲೆ ಬಾಚಿ ಜಡೆ ಹಾಕಿದಳು.

ಮರುದಿನ ಗಂಡ ಕಲ್ಲಿನಾಥ ಬಾಗಿಲಿಗೆ ‘ಹದಿನೈದು ದಿನ ಅಂಗಡಿ ಬಂದ್’ ಎಂದು ಬರೆದ ರಟ್ಟು ಕಟ್ಟಿದ. ಮೊದಲ ಮೂರು ದಿನ ಶಾಂಭವಿ ನಿದ್ದೆ ಮಾಡಿದಳು, ಅಷ್ಟೇ ಮಾಡಿದಳು. ಎದ್ದಾಗಲೆಲ್ಲ ಇನ್ನಷ್ಟು ದಣಿದಂತೆ, ಎಷ್ಟೋ ವರ್ಷದ ಆಯಾಸ ಈಗ ಹೊರಬೀಳುತ್ತಿರುವಂತೆ ಅನಿಸುತ್ತಿತ್ತು.

ಈಗ ದಿನಕ್ಕೆ ಎರಡೇ ಕುಪ್ಪಸ ಹೊಲಿಯುತ್ತಾಳೆ. ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಸೊಟ್ಟ ಹೊಲಿಗೆ ಕಂಡರೆ ಕೈ ಈಗಲೂ ತುಡಿಯುತ್ತದೆ. ಒಮ್ಮೊಮ್ಮೆ ಬಿಚ್ಚಿಯೂ ಬಿಡುತ್ತಾಳೆ. ಮಂಗಳವಾರ ಮಾತ್ರ ಅಂಗಡಿ ಮುಚ್ಚಿ, ಭುಜಕ್ಕೆ ವ್ಯಾಯಾಮ ಹೇಳಿಸಿಕೊಳ್ಳಲು ಬಸ್ಸಿನಲ್ಲಿ ಆಳಂದಕ್ಕೆ ಹೋಗುತ್ತಾಳೆ. ಹೋದ ವಾರ ದಾರಿಯಲ್ಲಿ ಫೋನು ಬಂತು: “ಅರ್ಜೆಂಟ್ ಅದ್ರಿ, ಇವತ್ತೇ ಬೇಕು.”

“ಇವತ್ತ ಆಗಲ್ರಿ,” ಎಂದಳು ಶಾಂಭವಿ. ಕಾರಣ ಹೇಳಲಿಲ್ಲ. ಫೋನನ್ನು ಚೀಲದೊಳಗೆ ಹಾಕಿ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.