ಐದು ಇಂಚು ಗಿಡ್ಡವಾದ ಪರದೆ

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಅಮ್ಮನಿಗೆ ಬುಕ್ಕಾಪಟ್ಟಣದ ಕಡೆಯ ಶಾಲೆಗೆ ವರ್ಗವಾಯಿತು. ಅದಕ್ಕೂ ಮೊದಲು ದೊಡ್ಡೇರಿ ಹೋಬಳಿಯ ಒಂದು ಶಾಲೆಯಲ್ಲಿ ಅವಳು ಹನ್ನೊಂದು ವರ್ಷ ಪಾಠ ಮಾಡಿದ್ದಳು. ಹೊಸ ಜಾಗಕ್ಕೆ ಹೋಗುವ ಮುಂಚೆ ಜೊತೆಯ ಏಳು ಮಂದಿ ಶಿಕ್ಷಕಿಯರನ್ನು ಮಧುಗಿರಿಯ ನಮ್ಮ ಬಾಡಿಗೆ ಮನೆಗೆ ಒಂದು ಭಾನುವಾರ ತಿಂಡಿಗೆ ಕರೆಯಬೇಕೆಂದಳು.

ಕಾಲೇಜು ಸೇರಿದಾಗಿನಿಂದ ನಾನು ದಿನಚರಿ ಬರೆಯುತ್ತೇನೆ. ಹಳೆಯ ಪುಸ್ತಕಗಳನ್ನು ತೆಗೆದು ಎಣಿಸಿದೆ. ಆ ಏಳು ಮನೆಗಳ ಗೃಹಪ್ರವೇಶ, ನಾಮಕರಣ, ಮದುವೆ ಎಂದು ಅಮ್ಮ ಹೋಗಿಬಂದದ್ದು ಇಪ್ಪತ್ತಮೂರು ಸಲ. ಅವರು ನಮ್ಮ ಮನೆಗೆ ಲಗ್ನಪತ್ರಿಕೆ ಕೊಡಲು ಬಂದದ್ದು ಆರು ಸಲ. ಆರು ಸಲವೂ ಗೇಟಿನ ಹತ್ತಿರವೇ ನಿಂತು, ಹೊತ್ತಾಯಿತು ಎಂದು ಹೇಳಿ, ನೀರು ಬೇಡವೆಂದು ಹೊರಟಿದ್ದರು. ನಾವು ಕೇರಿಯಿಂದ ಬಂದವರು, ನಡುಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ. ಯಾಕೆ ಒಳಗೆ ಬರುವುದಿಲ್ಲ ಎಂದು ಅಮ್ಮ ಯಾರನ್ನೂ ಕೇಳಿದವಳಲ್ಲ.

ಕರೆಯುವುದು ತೀರ್ಮಾನವಾದ ಮೇಲೆ ಅವಳ ಕಣ್ಣು ಬಿದ್ದದ್ದು ನಡುಮನೆಯ ಎರಡು ಕಿಟಕಿಗಳ ಮೇಲೆ. ಅವುಗಳಿಗೆ ಅಡ್ಡವಾಗಿ ಹಳೆಯ ಪಂಚೆಯನ್ನು ದಾರಕ್ಕೆ ಪೋಣಿಸಿ ಕಟ್ಟಿದ್ದೆವು. ಮಧ್ಯಾಹ್ನ ಎದುರಿನ ಬೆಟ್ಟದ ಬಂಡೆ ಕಾದು ಅದರ ಝಳವೆಲ್ಲ ನೇರ ಒಳಗೆ ಬರುತ್ತಿತ್ತು.

"ಬತ್ತಾರೋ ಇಲ್ವೋ ಗೊತ್ತಿಲ್ಲ," ಎಂದಳು ಅಮ್ಮ. "ಬಂದ್ರೆ, ಇಂಥ ಮನೆಗೆ ಯಾಕಾದ್ರೂ ಬಂದ್ವೋ ಅನ್ನುಸ್ಬಾರ್ದು ಕಣಮ್ಮ."

ಕಿಟಕಿಗಳನ್ನು ನಾನು ಸೋಮವಾರ ಒಮ್ಮೆ, ಬುಧವಾರ ಒಮ್ಮೆ ಅಳೆದೆ. ಎರಡು ಸಲವೂ ಎತ್ತರ ನಲವತ್ತೈದು ಇಂಚು. ಮೇಲೆ ಎರಡು, ಕೆಳಗೆ ಎರಡು ಸೇರಿಸಿ ನಲವತ್ತೊಂಬತ್ತು ಎಂದು ಬರೆದುಕೊಂಡೆ. ಪೇಟೆಯ ಅಂಗಡಿಯವರು ಐದಡಿಯ ರೆಡಿಮೇಡ್ ಕರ್ಟನ್ ತೋರಿಸಿದರು. ಕಿಟಕಿಗಿಂತ ಅದು ಒಂದು ಅಡಿಗೂ ಹೆಚ್ಚು ಉದ್ದ, ಸುಮ್ಮನೆ ಜೋತುಬೀಳುತ್ತದೆ ಎಂದು ನಾನೇ ಬೇಡವೆಂದೆ. ಅಮ್ಮನಿಗೆ ಕೊಳೆ ಕಾಣದ ಕಂದುಬಣ್ಣ ಹಿಡಿಸಿತ್ತು. ನನಗೆ ಸಣ್ಣ ಎಲೆಗಳ ತಿಳಿನೀಲಿ ಬೇಕಿತ್ತು. ಅಂಗಡಿಯವರು ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದಾಗ ಕಂದುಬಟ್ಟೆಯ ನೆರಳಲ್ಲಿ ಅಮ್ಮನ ಮುಖವೇ ಕಪ್ಪಿಟ್ಟಂತೆ ಕಂಡಿತು. ಅವಳು ತಾನಾಗಿಯೇ ನೀಲಿಯನ್ನು ಮುಂದಕ್ಕೆ ಎಳೆದುಕೊಂಡಳು. ದರ್ಜಿ ನಾನು ಕೊಟ್ಟ ಅಳತೆಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೊಲಿದುಕೊಟ್ಟರು.

ಶನಿವಾರ ಸಂಜೆ ಪರದೆಯ ಕಂಬಿ ಹಾಕುವವನು ಡ್ರಿಲ್ ತಂದ. ಕಿಟಕಿಯ ಮೇಲೆ ಎರಡು ಇಂಚಿಗೆ ಗುರುತು ಹಾಕಿಟ್ಟಿದ್ದೆ. ಅವನು ಅಲ್ಲಿ ಒಮ್ಮೆ ಕೊರೆದು ನೋಡಿ ಕೈ ತೆಗೆದ.

"ಇಲ್ಲಿ ಲಿಂಟಲ್ ಅದೆ ಕಣಕ್ಕ, ಬರೀ ಕಾಂಕ್ರೀಟು. ಡ್ರಿಲ್ ಬಿಟ್ಟು ಮುರ್ದೋಯ್ತದೆ. ಅದ್ರ ಮ್ಯಾಕೆ ಹೊಡ್ದುಬುಡ್ಲಾ?"

ಹೊಡಿ ಎಂದೆ. ಆ ಹೊತ್ತಿಗೆ ನಾನು ಮರುದಿನದ ತಟ್ಟೆ, ಲೋಟಗಳನ್ನು ಎಣಿಸುತ್ತಿದ್ದೆ. ಕಂಬಿ ಕಿಟಕಿಗಿಂತ ಒಂಬತ್ತು ಇಂಚು ಮೇಲೆ ಹೋಗಿ ಕೂತಿತು. ಅವನು ಹೋದ ಮೇಲೆ ಪರದೆ ಏರಿಸಿದರೆ ಅದು ಕಿಟಕಿಯ ಕೆಳ ಅಂಚಿಗೆ ಐದು ಇಂಚು ಮೊದಲೇ ನಿಂತುಬಿಟ್ಟಿತು, ಬೆಳೆದ ಹುಡುಗಿಗೆ ಹಳೆಯ ಲಂಗ ಹಾಕಿದ ಹಾಗೆ. ಬಿಟ್ಟುಬಂದ ಐದಡಿಯದೇ ಸರಿಹೋಗುತ್ತಿತ್ತು. ಅಮ್ಮ ಬೈಯಲಿಲ್ಲ. ಅದರ ಬದಲು ಒಂದೇ ಒಂದು ಸಲ, ಎರಡು ದಿನ ಅಳೆದೆಯಲ್ಲ ಎಂದಳು.

ಭಾನುವಾರ ಬೆಳಿಗ್ಗೆ ಅವಳು ತನ್ನ ಹಳೆಯ ಹಳದಿ ಹತ್ತಿಸೀರೆಯಿಂದ ಅಗಲವಾದ ಪಟ್ಟಿಗಳನ್ನು ಕತ್ತರಿಸಿದಳು. ಬಿಚ್ಚಿ ಮತ್ತೆ ಏರಿಸಲು ಹೊತ್ತಿಲ್ಲವೆಂದು, ತೂಗುತ್ತಿದ್ದ ಪರದೆಗೇ ಪಟ್ಟಿ ಕೊಟ್ಟು ಹೊಲಿಯಲು ಕುರ್ಚಿ ಎಳೆದು ಕೂತಳು. ಪಟ್ಟಿ ಜಾರದಂತೆ ಉದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ನನ್ನ ಕೆಲಸ. ಕರೆದದ್ದು ಹನ್ನೊಂದಕ್ಕೆ. ಒಂಬತ್ತೂವರೆಗೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಏಳು ಮಂದಿಯಲ್ಲಿ ಹಿರಿಯ ಶಿಕ್ಷಕಿ. ಭಾನುವಾರ ಹತ್ತರ ಬಸ್ಸು ಇರುವುದಿಲ್ಲವೆಂದು ಮೊದಲಿನದಕ್ಕೇ ಹತ್ತಿದ್ದರು.

ಅಮ್ಮ ಬಾಯಲ್ಲಿದ್ದ ದಾರ ತೆಗೆದು, ಬನ್ನಿ ಮೇಡಂ, ಕೂತ್ಕೊಳ್ಳಿ ಎಂದಳು. ನೀರು ಕೊಡು ಎಂದು ನನಗೆ ಹೇಳಿದಳಾದರೂ ಆ ಮಾತು ಅರ್ಧದಲ್ಲಿ ಸಣ್ಣದಾಯಿತು. ನಾನು ಕೈ ಬಿಡಲು ಹೊರಟೆ.

"ಬುಡ್ಬೇಡ, ಬುಡ್ಬೇಡ, ಪಟ್ಟಿ ಸೊಟ್ಟ ಆಯ್ತದೆ," ಎಂದರು ಅವರು. "ನೀರು ಎಲ್ಲಿಟ್ಟಿದೀರ? ನಾನೇ ತಕೊತೀನಿ."

ಉತ್ತರಕ್ಕೆ ಕಾಯದೆ ಅಡುಗೆಮನೆಗೆ ನಡೆದರು. ಕೊಡದ ಮುಚ್ಚಳ ತೆಗೆದದ್ದು, ಚೊಂಬು ಮುಳುಗಿಸಿದ್ದು ಕೇಳಿಸಿತು. ಅಮ್ಮನ ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತಿತ್ತು. ಅವರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು, ಇನ್ನೊಂದು ಲೋಟ ನೀರನ್ನು ಅಮ್ಮನಿಗೆ ಕೊಟ್ಟರು. ಬಿಸಿಲಲ್ಲಿ ನಡೆದು ಗಂಟಲು ಒಣಗಿತ್ತು ಎಂದರು. ಅಮ್ಮ ಅಷ್ಟೂ ನೀರನ್ನು ಒಂದೇ ಉಸಿರಿಗೆ ಕುಡಿದಳು.

ಆಮೇಲೆ ಅವರು ಇನ್ನೊಂದು ಕಿಟಕಿಯ ಪಟ್ಟಿ ಹಿಡಿದು ತಾವೇ ಸೂಜಿ ಕೇಳಿದರು. ಅಮ್ಮನ ಹೊಲಿಗೆಯ ಕಡೆ ಒಮ್ಮೆ ನೋಡಿ, "ಬೋರ್ಡಿನ ಮ್ಯಾಲೆ ಮುತ್ತಿನಂಗೆ ಬರೀತೀರ, ಇದೇನ್ ಮೇಡಂ ಇದು, ಒಂದನೇ ಕ್ಲಾಸ್ ಮಕ್ಕಳ ಕಾಪಿ ಇದ್ದಂಗದೆ," ಎಂದರು. ಅಮ್ಮ ನಕ್ಕಳು. ಸ್ಟಾಫ್ ರೂಮಿನಲ್ಲಿ ಹೀಗೆ ನಗುತ್ತಾಳೇನೋ, ಮನೆಯಲ್ಲಿ ನಾನು ಕೇಳಿದ್ದು ಕಡಿಮೆ.

ಹನ್ನೊಂದೂವರೆಯ ಹೊತ್ತಿಗೆ ಮತ್ತೆ ನಾಲ್ವರು ಬಂದರು. ಇಬ್ಬರು ಫೋನ್ ಮಾಡಿ ಆಗುವುದಿಲ್ಲ ಎಂದರು. ಬಂದವರಲ್ಲಿ ಒಬ್ಬರು ಉಪವಾಸವೆಂದು ಏನನ್ನೂ ಮುಟ್ಟಲಿಲ್ಲ. ಉಳಿದವರು ಚಿತ್ರಾನ್ನ, ಕೇಸರಿಬಾತು ತಿಂದರು. ಪರದೆಯ ಹಳದಿ ಅಂಚು ಚೆನ್ನಾಗಿದೆ, ಎಲ್ಲಿ ಹೊಲಿಸಿದಿರಿ ಎಂದು ಒಬ್ಬರು ಕೇಳಿದರು. ಹಿರಿಯರು ನನ್ನ ಕಡೆ ನೋಡಿ, ಇನ್ನೊಂದು ತುತ್ತು ಕೇಸರಿಬಾತು ಬಾಯಿಗಿಟ್ಟುಕೊಂಡರು.

ಎಲ್ಲರೂ ಹೋದ ಮೇಲೆ ನಾನು ದಿನಚರಿ ತೆಗೆದೆ. ತಟ್ಟೆ ಜೋಡಿಸುತ್ತಿದ್ದ ಅಮ್ಮ, ಎಷ್ಟು ಜನ ಎಂದು ಬರೆದೆ ಎಂದು ಕೇಳಿದಳು. ಉಪವಾಸದವರನ್ನು ಲೆಕ್ಕಕ್ಕೆ ಹಿಡಿಯದೆ ನಾಲ್ಕು ಎಂದು ಬರೆದಿದ್ದೆ, ಅದನ್ನೇ ಹೇಳಿದೆ.

"ಐದು ಅಂತ ಮಾಡು," ಎಂದಳು. "ಒಳಿಕ್ಕೆ ಬಂದು ಕೂತಿದ್ರಲ್ಲ."

ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಐದು ಬರೆದೆ.