ತೂಕಕ್ಕೆ ಸೇರದ ಹಿಡಿ

ಮೊನ್ನೆ ಮೊಬೈಲಿನಲ್ಲಿ ತರಿಸಿದ ಕಾಫಿಪುಡಿಯ ಪೆಟ್ಟಿಗೆ ಬಂತು. ಟೇಪು ಕತ್ತರಿಸಿದೊಡನೆ ಘಮ ಅಡುಗೆಮನೆ ತುಂಬಿತು. ನನಗರಿವಿಲ್ಲದೆಯೇ ಕೈ ಪೆಟ್ಟಿಗೆಯ ತಳ ತಡಕಿತು... ಏನೂ ಇರಲಿಲ್ಲ. ಕಾಫಿಪುಡಿ ಸಾಬರು ನೆನಪಾದರು.

ಸಕಲೇಶಪುರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೇ ಅವರ ಅಂಗಡಿ. ಬೀಜ ಹುರಿಯುವುದು, ಪುಡಿ ಮಾಡುವುದು ಎಲ್ಲ ಅವರೇ. ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಪೊಟ್ಟಣ ಕಟ್ಟಿದವರಲ್ಲ. ಆ ಹಿಡಿಯಿಂದ ನಮಗೆ ಎರಡು ದಿನದ ಡಿಕಾಕ್ಷನ್ ಆಗುತ್ತಿತ್ತು. ದೇವರು ಕೊಟ್ಟದ್ದರಲ್ಲಿ ಅದನ್ನೂ ಸೇರಿಸಿಕೊಂಡು ಕೈಮುಗಿಯುತ್ತಿದ್ದೆ.

ಬಣ್ಣದ ಪ್ಯಾಕೆಟ್ ಪುಡಿ ಬಂದು ಅವರ ವ್ಯಾಪಾರ ಇಳಿಯಿತು. ಹುರಿಯುವ ಯಂತ್ರ ವಾರಕ್ಕೊಂದೇ ದಿನ ತಿರುಗತೊಡಗಿತು. ಆಗಲೇ ಪೇಟೆಯಲ್ಲಿ ಇಂಟರ್ನೆಟ್ ಸೆಂಟರ್ ತೆರೆದದ್ದು. ನನ್ನ ಪಿಯುಸಿ ಇಂಗ್ಲಿಷಿನಲ್ಲಿ ನಾನು ಬರೆದುಕೊಟ್ಟ ಪತ್ರವನ್ನು ಸಾಬರು ಅಲ್ಲಿ ಕೂತು ಒಂದೊಂದೇ ಅಕ್ಷರ ಒತ್ತಿ ಊರೂರಿನ ಹೋಟೆಲುಗಳಿಗೆ ಕಳಿಸಿದರು. ಬಂದ ಉತ್ತರದ ಪ್ರಿಂಟ್ ಹಿಡಿದು ನಮ್ಮ ಮೆಟ್ಟಿಲ ಬಳಿ ನಿಲ್ಲುತ್ತಿದ್ದರು. "ಏನೈತೆ, ಒಸಿ ಓದ್ಬುಡಿ ಅಕ್ಕಾ."

ಕೊನೆಗೆ ಮಂಗಳೂರಿನ ದೊಡ್ಡ ಹೋಟೆಲೊಂದು ಹತ್ತು ಚೀಲ ಕೇಳಿತು. ಹಿಡಿಸಿದರೆ ಪ್ರತಿ ತಿಂಗಳೂ. ಇದೂ ಕೈತಪ್ಪಿದರೆ ಯಂತ್ರ ಮಾರಿಬಿಡುವುದೆಂದು ಸಾಬರು ಹೇಳಿದ್ದರು. ದೋಣಿಗಲ್ ದಾಟಿ ಘಾಟಿ ಇಳಿದುಹೋದ ಆ ಹತ್ತೂ ಚೀಲ ವಾರದೊಳಗೆ ವಾಪಸ್ ಬಂದವು.

ಮೇಲ್ ಓದಿದೆ. ಪುಡಿ ಚೆನ್ನಾಗಿದೆ, ಆದರೆ ಪ್ರತಿ ಚೀಲವೂ ಬಿಲ್ಲಿಗಿಂತ ಹೆಚ್ಚು ತೂಗುತ್ತಿದೆ; ತೂಕ ಹೊಂದದ ಸರಕನ್ನು ಒಳಗೆ ತೆಗೆದುಕೊಳ್ಳುವಂತಿಲ್ಲ; ಇನ್ನೊಂದೇ ಸಲ ನೋಡುತ್ತೇವೆ.

"ಜಾಸ್ತಿ ಕೊಟ್ಟಿದ್ದೇ ತಪ್ಪಾಗ್ಬುಡ್ತಾ ಅಕ್ಕಾ?"

"ಅವ್ರ ಕಂಪ್ಯೂಟ್ರಿಗೆ ಕೊಸರು ಗೊತ್ತಿಲ್ಲ ಕಣ್ರೀ ಸಾಬ್ರೇ. ಈ ಸಲ ಬಿಟ್ಬುಡಿ."

"ಕಂಪ್ಯೂಟ್ರು ಕಾಫಿ ಕುಡೀತದಾ? ಕುಡಿಯೋರು ಮನುಷ್ಯರು ತಾನೆ? ನಮ್ಮಪ್ಪನ ಕಾಲದಿಂದ ಹಾಕ್ತಾ ಬಂದಿರೋದು. ನಿಲ್ಸಕ್ಕಾಗಕಿಲ್ಲ."

ಹೊಸದಾಗಿ ಹುರಿದು ಪುಡಿ ಮಾಡಿದರು. ಹತ್ತೂ ಚೀಲವನ್ನು ಬಿಲ್ಲಿಗೆ ಸರಿಯಾಗಿ, ಕಾಳಿನಷ್ಟೂ ಹೆಚ್ಚಾಗದಂತೆ ತೂಗಿದರು. ಆಮೇಲೆ ಹತ್ತು ಹಿಡಿ ಪುಡಿ ಬೇರೊಂದು ಬಟ್ಟೆಚೀಲಕ್ಕೆ ಹಾಕಿ ಬಾಯಿ ಹೊಲಿದು, ನನ್ನಿಂದ ಚೀಟಿ ಬರೆಸಿದರು: "ಇದು ಬಿಲ್ಲಿನದಲ್ಲ. ಅಡುಗೆಯವರು ತಾವು ಕುಡಿಯಲಿಕ್ಕೆ." ಲಾರಿ ಹೊರಟ ಶುಕ್ರವಾರ ಅವರು ನಮಾಜಿಗೆ ಹೋದರು, ನಾನು ದೀಪಕ್ಕೆ ತುಪ್ಪ ಹಾಕಿದೆ. ಕೇಳಿಕೊಂಡದ್ದು ಒಂದೇ.

ಉತ್ತರ ಬಂತು. ತಿಂಗಳಿಗೆ ಹತ್ತು ಚೀಲ. ಕೊನೆಯ ಸಾಲಿನಲ್ಲಿ, ಬಟ್ಟೆಚೀಲ ಮರೆಯಬೇಡಿ, ಅಡುಗೆಯವರು ಕೇಳುತ್ತಿದ್ದಾರೆ ಎಂದಿತ್ತು. ಆ ಸಾಲನ್ನು ಸಾಬರು ಮೂರು ಸಲ ಓದಿಸಿದರು. ಮೂರನೆಯ ಸಲ ಕೇಳಿದವರೇ ಹೋಗಿ ಯಂತ್ರ ಹಾಕಿದರು...

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಯಂತ್ರವೂ ಈಗಿಲ್ಲ.

ಮೊನ್ನೆಯ ಪ್ಯಾಕೆಟ್ ತೂಗಿ ನೋಡಿದೆ. ಸರಿಯಾಗಿ ಅರ್ಧ ಕೇಜಿ. ಯಾರೂ ನನಗೆ ಮೋಸ ಮಾಡಿಲ್ಲ. ಫಿಲ್ಟರಿಗೆ ಎಂದಿನಂತೆ ಮೂರು ಚಮಚ ಅಳೆದು ಹಾಕಿದೆ. ಆಮೇಲೆ ಅಳೆಯದೆ, ಕೈಯಲ್ಲೇ ಇನ್ನೊಂದಿಷ್ಟು ಹಾಕಿದೆ.